ನಡುಗೂಟಕ್ಕೆ ಸುತ್ತಿದ ಬಟ್ಟೆ: ಅಜ್ಜಿಯ ಬೀಸೋಕಲ್ಲು ರಿಪೇರಿ ಮಾಡಿದ ದಿನಚರಿ

ನಮ್ಮೂರು ಮಾಗಡಿ ತಾಲ್ಲೂಕಿನಲ್ಲಿದೆ. ಜಗುಲಿ ಮೇಲೆ ಕೂತರೆ ಸಾವನದುರ್ಗದ ಬೋಳು ನೆತ್ತಿ ಕಾಣುತ್ತದೆ. 2025ರ ಸಂಕ್ರಾಂತಿಗೆ ಹೋದಾಗ ಹಳೆ ಮನೆಯ ಕೊಟ್ಟಿಗೆ ಕೆಡವುತ್ತಿದ್ದರು. ಅಜ್ಜಿಯ ಬೀಸೋಕಲ್ಲು ಗೋಡೆ ಪಕ್ಕ ಅರ್ಧ ಮಣ್ಣಲ್ಲಿ ಹೂತಿತ್ತು. ಅದರ ಮೇಲೆ ಗಾರೆ ಕೆಲಸದವರು ಸಿಮೆಂಟ್ ಬಾಂಡ್ಲಿ ಇಟ್ಟುಕೊಂಡಿದ್ದರು. "ಬೇಕಿದ್ರೆ ತಗೊಂಡೋಗಪ್ಪ, ಇಲ್ಲಾಂದ್ರೆ ಹಿತ್ತಲ ಬಾಗಿಲಿಗೆ ಮೆಟ್ಟಿಲು ಮಾಡ್ತೀವಿ" ಅಂದರು ಚಿಕ್ಕಪ್ಪ. ಆ ಕಲ್ಲಿನ ಮೇಲೆ ಕಾಲಿಟ್ಟು ಮನೆಯೊಳಗೆ ಹೋಗುವುದನ್ನು ನೆನೆಸಿಕೊಳ್ಳಲೂ ಆಗಲಿಲ್ಲ. ಬೆಂಗಳೂರಿಗೆ ತಂದೆ.

ಅಲಂಕಾರಕ್ಕೆ ಇಡುವ ಆಸೆ ಇರಲಿಲ್ಲ. ಅದರಲ್ಲಿ ರಾಗಿ ಬೀಸಿ ಒಂದು ಹೊತ್ತಾದರೂ ಮುದ್ದೆ ಉಣ್ಣಬೇಕು, ಅಷ್ಟೇ. ಎರಡು ಭಾನುವಾರದ ಕೆಲಸ ಅಂದುಕೊಂಡೆ. ಹತ್ತು ವಾರ ಹಿಡಿಯಿತು. ನಿಮ್ಮ ಮನೆಯ ಮೂಲೆಯಲ್ಲೂ ಇಂಥ ಕಲ್ಲು ಇದ್ದರೆ ಉಪಯೋಗಕ್ಕೆ ಬರಲಿ ಅಂತ ಅಳತೆ, ಖರ್ಚು, ತಪ್ಪು ಎಲ್ಲವನ್ನೂ ಬರೆದಿದ್ದೇನೆ.

ಜನವರಿ 19, ಭಾನುವಾರ. ಕಲ್ಲು ಬಂತು

ತಮ್ಮನ ಕಾರಿನ ಡಿಕ್ಕಿಯಲ್ಲಿ ಗೋಣಿಚೀಲ ಹಾಸಿ ತಂದೆವು. ನಾಗರಬಾವಿಯಲ್ಲಿ ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಪಕ್ಕದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಹುಡುಗರು ಹೊತ್ತು ತಂದರು. 400 ರೂಪಾಯಿ.

ಅಳತೆ ಹೀಗಿದೆ. ಎರಡೂ ಕಲ್ಲಿನ ಅಡ್ಡಳತೆ 40 ಸೆಂಟಿಮೀಟರ್. ಕೆಳಗಲ್ಲು 9 ಸೆಂಟಿಮೀಟರ್ ದಪ್ಪ, 30 ಕಿಲೋ. ಮೇಲ್ಗಲ್ಲು 7 ಸೆಂಟಿಮೀಟರ್ ದಪ್ಪ, 22 ಕಿಲೋ. ಮೇಲ್ಗಲ್ಲಿನ ನಡುವೆ ರಾಗಿ ಹಾಕುವ ಬಾಯಿ, 5 ಸೆಂಟಿಮೀಟರ್ ಅಗಲ. ಕೆಳಗಲ್ಲಿನ ನಡುವೆ ನಾಟಿದ ಗೂಟ ಈ ಬಾಯಿಯೊಳಗೆ ಬರುತ್ತದೆ. ಅದನ್ನು ಇಲ್ಲಿ ನಡುಗೂಟ ಅನ್ನುತ್ತೇನೆ. ಕೈಯಲ್ಲಿ ಹಿಡಿದು ತಿರುಗಿಸುವುದು ಹಿಡಿಗೂಟ.

ಮೇಲ್ಗಲ್ಲಿನ ಅಂಚಿನ ಹತ್ತಿರ ಹಿಡಿಗೂಟಕ್ಕೆ ಒಂದಲ್ಲ, ಮೂರು ತೂತು ಇವೆ. ಮೊದಲ ಎರಡು ಸವೆದು ಅಗಲವಾಗಿ ಬಾಯಿಬಿಟ್ಟಿವೆ. ಒಂದು ತೂತು ಸಡಿಲವಾದಾಗ ಇನ್ನೊಂದು ಕೊರೆಸಿದ್ದಾರೆ, ಅದೂ ಸಡಿಲವಾದಾಗ ಮತ್ತೊಂದು. ಕಲ್ಲಿನಲ್ಲಿ ತೂತು ಸವೆಯಬೇಕಾದರೆ ಎಷ್ಟು ಬೆಳಗಿನ ಜಾವಗಳು ಬೇಕು ಅಂತ ಯೋಚಿಸುತ್ತಾ ಅದರ ಮುಂದೆ ಸುಮಾರು ಹೊತ್ತು ಕೂತಿದ್ದೆ.

ನಡುಗೂಟ ಗೆದ್ದಲು ಹಿಡಿದು ಪುಡಿಯಾಗಿತ್ತು. ಅದರ ಸುತ್ತ ಕಪ್ಪಗೆ, ಜಿಡ್ಡಾಗಿ, ಟಾರಿನ ಹಾಗೆ ಗಟ್ಟಿಯಾದ ಒಂದು ಬಟ್ಟೆ ಉಂಡೆ ಇತ್ತು. ಸ್ಕ್ರೂಡ್ರೈವರ್‌ನಿಂದ ಮೀಟಿ ಕಿತ್ತು ಕಸಕ್ಕೆ ಹಾಕಿದೆ. ಇಡೀ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಇದು. ಮೊದಲ ದಿನವೇ ಮಾಡಿದೆ. ಗೊತ್ತಾಗಿದ್ದು ಏಳು ವಾರದ ಮೇಲೆ.

ಜನವರಿ 26. ತೊಳೆದಿದ್ದು, ಮೊದಲ ಪರೀಕ್ಷೆ

ಸೋಪು ಹಾಕಲಿಲ್ಲ. ಹಿಟ್ಟು ಬೀಸುವ ಕಲ್ಲಿನ ಸಣ್ಣ ಗುಂಡಿಗಳಲ್ಲಿ ಸೋಪಿನ ವಾಸನೆ ಉಳಿಯುವುದು ಬೇಡ ಅನಿಸಿತು. ಬಿಸಿನೀರು, ತೆಂಗಿನ ನಾರು, ಕಬ್ಬಿಣದ ಬ್ರಷ್. ಸಿಮೆಂಟ್ ಹನಿಗಳನ್ನು ಹಳೆ ಉಳಿಯಲ್ಲಿ ಮೆಲ್ಲಗೆ ತಟ್ಟಿ ಎಬ್ಬಿಸಿದೆ. ಮೂರು ದಿನ ತಾರಸಿ ಮೇಲೆ ಒಣಗಿಸಿ ತಾತ್ಕಾಲಿಕವಾಗಿ ಒಂದು ಬೇವಿನ ಗೂಟ ಬಡಿದು ಅರ್ಧ ಕಿಲೋ ರಾಗಿ ಹಾಕಿ ತಿರುಗಿಸಿದೆ.

ರಾಗಿ ಹಾಕಿದ ಹಾಗೇ ಹೊರಗೆ ಬಂತು. ಒಂದು ಕಾಳೂ ಒಡೆದಿರಲಿಲ್ಲ. ಕಲ್ಲನ್ನು ಮಗುಚಿ ಬೆರಳಾಡಿಸಿದರೆ ನುಣ್ಣಗೆ ಹೊಳೆಯುತ್ತಿತ್ತು, ಮೊಸಾಯಿಕ್ ನೆಲದ ಹಾಗೆ. ಬೀಸಿ ಬೀಸಿ ಮುಳ್ಳೆಲ್ಲ ಸವೆದು ಹೋಗಿತ್ತು.

ಮುಳ್ಳು ಅಂದರೆ ಕಲ್ಲಿನ ಮೈಮೇಲೆ ಉಳಿಯಲ್ಲಿ ಹೊಡೆದ ಸಣ್ಣ ಸಣ್ಣ ಚುಕ್ಕಿ ಗುಂಡಿ. ಅವುಗಳ ಅಂಚೇ ಕಾಳನ್ನು ಕಚ್ಚಿ ಒಡೆಯುವುದು. ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ಊರಿಗೆ ಗಂಡ ಹೆಂಡತಿ ಜೋಡಿಯಾಗಿ ಬರುತ್ತಿದ್ದರು. "ಒಳಕಲ್ಲಿಗೆ ಮುಳ್ಳು ಹಾಕ್ತೀವಿ, ಬೀಸೋಕಲ್ಲಿಗೆ ಮುಳ್ಳು ಹಾಕ್ತೀವಿ" ಅಂತ ಬೀದಿ ಉದ್ದಕ್ಕೂ ಕೂಗುತ್ತಿದ್ದರು. ಹೊಂಗೆ ಮರದ ಕೆಳಗೆ ಕೂತು ಟಕ ಟಕ ಅಂತ ಹೊಡೆಯುತ್ತಿದ್ದರೆ ನಾವು ಹುಡುಗರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದೆವು. ಕೂಲಿಗೆ ಅಜ್ಜಿ ಮೊರದಲ್ಲಿ ರಾಗಿ ಕೊಡುತ್ತಿದ್ದರು. ಮೇಲೆ ಒಂದು ಮುದ್ದೆ, ಅವರೆಕಾಳು ಸಾರು.

ಫೆಬ್ರುವರಿ 2. ಯಂತ್ರದಲ್ಲಿ ಮಾಡಲು ಹೋಗಿ ಕೆಡಿಸಿದ್ದು

ಕಲ್ಲು ಕೆಲಸದವರನ್ನು ಹುಡುಕುವ ಬದಲು ಆ್ಯಂಗಲ್ ಗ್ರೈಂಡರ್ ಒಂದು ದಿನಕ್ಕೆ ಬಾಡಿಗೆಗೆ ತಂದೆ, 300 ರೂಪಾಯಿ. ಡೈಮಂಡ್ ಬ್ಲೇಡು 350, ಮಾಸ್ಕ್ ಮತ್ತು ಕನ್ನಡಕ 280. ಮೇಲ್ಗಲ್ಲಿನ ಒಳಮೈಗೆ ಬಾಯಿಯಿಂದ ಅಂಚಿನವರೆಗೆ ಎಂಟು ಗೀರು ಕೊರೆದೆ, 3 ಮಿಲಿಮೀಟರ್ ಆಳ.

ಮೂರು ತಪ್ಪು ಒಟ್ಟಿಗೆ ಆಯಿತು. ಮೊದಲನೆಯದು, ಬ್ಲೇಡು ಕೊರೆದ ಗೀರಿನ ಗೋಡೆ ನುಣ್ಣಗಿರುತ್ತದೆ. ಅದು ಕಾಳನ್ನು ಕಚ್ಚುವುದಿಲ್ಲ. ಎರಡನೆಯದು, ಗೀರನ್ನು ಅಂಚಿನವರೆಗೂ ಒಂದೇ ಆಳದಲ್ಲಿ ಎಳೆದುಬಿಟ್ಟೆ. ರಾಗಿಗೆ ಕಾಲುವೆ ಮಾಡಿಕೊಟ್ಟಂತಾಯಿತು, ಸೀದಾ ಹರಿದು ಹೊರಗೆ ಬಿತ್ತು. ಗೀರು ಹಾಕುವುದಾದರೆ ಅಂಚಿನಿಂದ ಎರಡು ಬೆರಳು ಒಳಗೇ ನಿಲ್ಲಬೇಕು. ಮೂರನೆಯದು ಧೂಳು. ತಾರಸಿಯಿಂದ ಕೆಳಗಿನ ಮನೆಯವರ ಒಣಗಲು ಹಾಕಿದ ಬಟ್ಟೆ ಮೇಲೆಲ್ಲ ಬಿತ್ತು. ಹೋಗಿ ಕ್ಷಮೆ ಕೇಳಿ ಬಟ್ಟೆ ಒಗೆದುಕೊಟ್ಟೆ. ಈ ಬಿಳಿ ಧೂಳನ್ನು ಹಗುರವಾಗಿ ನೋಡಬೇಡಿ. ಕಲ್ಲು ಕ್ವಾರಿಗಳಲ್ಲಿ ದುಡಿದವರಿಗೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರುವುದು ಇದರಿಂದಲೇ. ಒಳ್ಳೆ ಮಾಸ್ಕ್ ಇಲ್ಲದೆ, ಕಲ್ಲಿಗೆ ನೀರು ಹಾಕಿಕೊಳ್ಳದೆ ಯಾರೂ ಈ ಕೆಲಸಕ್ಕೆ ಕೈ ಹಾಕಬಾರದು.

ಸಂಜೆ ಗ್ರೈಂಡರ್ ವಾಪಸ್ ಕೊಟ್ಟೆ. ಆ ಎಂಟು ಗೀರು ಮಾತ್ರ ವಾಪಸ್ ಹೋಗುವುದಿಲ್ಲ ಅಲ್ವಾ. ಅಜ್ಜಿಯ ಕೈಯಲ್ಲಿ ಅರ್ಧ ಶತಮಾನ ಸವೆದರೂ ಕೆಡದ ಕಲ್ಲನ್ನು ನಾನು ನಲವತ್ತು ನಿಮಿಷದಲ್ಲಿ ಕೆಡಿಸಿದ್ದೆ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಫೆಬ್ರುವರಿ 9. ಹುಡುಕಾಟ

ಮಾಗಡಿ ರಸ್ತೆ ಹಿಡಿದು ಹೊರಟೆ. ಒರಳುಕಲ್ಲು, ತುಳಸಿಕಟ್ಟೆ ಮಾರುವ ನಾಲ್ಕು ಕಡೆ ನಿಲ್ಲಿಸಿ ಕೇಳಿದೆ. "ಹೊಸದು ತಗೊಳ್ಳಿ ಸಾರ್, ಮುಳ್ಳು ಹಾಕೋರು ಈಗ ಯಾರಿದ್ದಾರೆ" ಅಂದರು ಎಲ್ಲರೂ. ತಾವರೆಕೆರೆ ದಾಟಿದ ಮೇಲೆ ಬೇಲಿಗೆ ಕಲ್ಲುಕಂಬ ಸೀಳುವ ಜಾಗವೊಂದರಲ್ಲಿ ಒಬ್ಬ ಹಿರಿಯರು ಸಿಕ್ಕರು. ಎಪ್ಪತ್ತು ದಾಟಿದವರು. ಫೋನಿನಲ್ಲಿ ಫೋಟೊ ತೋರಿಸಿದೆ. ಎಂಟು ಗೀರು ನೋಡಿ ಒಂದು ಕ್ಷಣ ಸುಮ್ಮನಿದ್ದು, "ಬರ್ತೀನಿ ಸ್ವಾಮಿ, ಮುಂದಿನ ಭಾನುವಾರ" ಅಂದರು. ಬಸ್ ಚಾರ್ಜು ಸೇರಿ 1,200 ರೂಪಾಯಿಗೆ ಮಾತಾಯಿತು. ಆ ದಿನ ಬೇರೆ ಏನೂ ಕೆಲಸ ಆಗಲಿಲ್ಲ.

ಫೆಬ್ರುವರಿ 16. ಮುಳ್ಳು

ಬೆಳಗ್ಗೆ ಎಂಟಕ್ಕೇ ಬಂದರು. ಕೈಚೀಲದಲ್ಲಿ ಆರು ಉಳಿ, ಒಂದು ಸಣ್ಣ ಸುತ್ತಿಗೆ, ಒಂದು ತುಂಡು ಗೋಣಿ. ಮೊದಲು ಕಲ್ಲನ್ನು ಗೋಣಿ ಮೇಲೆ ಇರಿಸಿ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ ಕಿವಿಗೊಟ್ಟರು. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಒಳಗೆ ಬಿರುಕು. ಎರಡೂ ಕಲ್ಲು ಟಣ್ ಅಂದವು. ನನಗೆ ಜೀವ ಬಂತು.

"ಇದು ನಿಮ್ಮ ಬೆಟ್ಟದ ಕಲ್ಲೇ" ಅಂದರು. ನಮ್ಮ ಕಡೆಯ ಬೆಟ್ಟಗಳ ಕಲ್ಲಿಗೆ ಭೂಗರ್ಭ ಶಾಸ್ತ್ರದವರು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಇದ್ದ ಹೆಸರು ಅದು. ಸುಮಾರು 250 ಕೋಟಿ ವರ್ಷ ಹಳೆಯದು. ಲಾಲ್‌ಬಾಗ್ ಬಂಡೆ ಇದಕ್ಕಿಂತಲೂ ಹಳೆಯದು, ಸುಮಾರು 300 ಕೋಟಿ ವರ್ಷ. ಅಲ್ಲಿ ಅದಕ್ಕೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಫಲಕ ಹಾಕಿದ್ದಾರೆ. ನಮ್ಮ ಅಜ್ಜಿಯರು ಅದೇ ತರಹದ ಹಳೆ ಬಂಡೆಯ ಎರಡು ತುಂಡನ್ನು ಅಡುಗೆ ಮನೆಯ ಮೂಲೆಯಲ್ಲಿ ಇಟ್ಟುಕೊಂಡು ದಿನಾ ಕೈ ಹಾಕಿ ಮಾತಾಡಿಸುತ್ತಿದ್ದರು.

ಅವರು ಹೊಡೆದ ಕ್ರಮ ಇದು. ಪಕ್ಕದಲ್ಲೇ ಕೂತು ಸ್ಕೇಲಿನಲ್ಲಿ ಅಳೆದು ಬರೆದುಕೊಂಡೆ.

ಬಾಯಿಯ ಸುತ್ತ ನಾಲ್ಕು ಬೆರಳು ಅಗಲಕ್ಕೆ ಕಲ್ಲನ್ನು ತುಸು ತಗ್ಗು ಮಾಡಬೇಕು, 3 ಮಿಲಿಮೀಟರ್ ಸಾಕು. ಇಲ್ಲದಿದ್ದರೆ ರಾಗಿ ಒಳಗೆ ನುಗ್ಗುವುದೇ ಇಲ್ಲ. ಅಲ್ಲಿಂದ ಆಚೆಗೆ ಚುಕ್ಕಿಗಳು, ಒಂದಕ್ಕೊಂದು 7 ಮಿಲಿಮೀಟರ್ ದೂರ, 2 ಮಿಲಿಮೀಟರ್ ಆಳ. ಒಂದು ಸಾಲಿನ ಚುಕ್ಕಿ ಮುಂದಿನ ಸಾಲಿನ ಎರಡು ಚುಕ್ಕಿಗಳ ನಡುವೆ ಬರಬೇಕು. ಅಂಚಿನ ಎರಡು ಬೆರಳು ಜಾಗದಲ್ಲಿ ಚುಕ್ಕಿ ಒತ್ತೊತ್ತಾಗಿ, ಆಳ ಮಾತ್ರ ಕಮ್ಮಿ. ಹಿಟ್ಟು ನುಣ್ಣಗಾಗುವುದು ಆ ಎರಡು ಬೆರಳಲ್ಲೇ. ಉಳಿಯನ್ನು ನೆಟ್ಟಗೆ ಹಿಡಿಯಬೇಕು. ವಾಲಿಸಿ ಹಿಡಿದರೆ ಕಲ್ಲು ಚಕ್ಕೆ ಏಳುತ್ತದೆ.

ನನ್ನ ಗೀರುಗಳ ಗೋಡೆಗಳನ್ನು ಚುಚ್ಚಿ ಚುಚ್ಚಿ ಒರಟು ಮಾಡಿದರು. ಅಂಚಿನಲ್ಲಿ ತೆರೆದುಕೊಂಡ ಎಂಟು ಬಾಯಿಗಳಿಗೆ ಏನು ಮಾಡಲೂ ಆಗಲಿಲ್ಲ. ಕಲ್ಲನ್ನೇ 3 ಮಿಲಿಮೀಟರ್ ಇಳಿಸಬಹುದು, ಬೇಡ ಅಂದರು. "ಸವೆದು ಸವೆದು ತಾನೇ ಹೋಯ್ತದೆ ಬಿಡಿ. ನೀವು ಬೀಸ್ತಾ ಇರಿ." ಈಗಲೂ ಆ ಎಂಟು ಕಡೆ ಹಿಟ್ಟು ಸ್ವಲ್ಪ ತರಿತರಿಯಾಗಿಯೇ ಬರುತ್ತದೆ.

ಮಧ್ಯಾಹ್ನ ಊಟ ಮಾಡಿ, ಕೆಳಗಲ್ಲಿನ ಕಾಲು ಭಾಗ ಹೊಡೆದು ತೋರಿಸಿ, "ಮಿಕ್ಕಿದ್ದು ನೀವೇ ಮಾಡಿ, ಕಲ್ತುಕೊಳ್ಳಿ" ಅಂತ ಹೊರಟರು. ಮುಂದಿನ ಸಲ ಹುಡುಕಿಕೊಂಡು ಬಂದರೆ ತಾವು ಇರುತ್ತೀವೋ ಇಲ್ಲವೋ ಅಂದರು. ಬಸ್ ಸ್ಟಾಪಿನವರೆಗೆ ಅವರ ಕೈಚೀಲ ನಾನೇ ಹಿಡಿದುಕೊಂಡು ಹೋದೆ.

ಫೆಬ್ರುವರಿ 23. ನನ್ನ ಕೈ ಕೆಲಸ

ಎಸ್‌ಜೆಪಿ ರಸ್ತೆಯಿಂದ ತುದಿಗೆ ಕಾರ್ಬೈಡ್ ಕೂರಿಸಿದ ಚೂಪು ಉಳಿ ತಂದೆ, 420 ರೂಪಾಯಿ. ಶಿವರಾತ್ರಿ ರಜೆಯನ್ನೂ ಸೇರಿಸಿ ಕೆಳಗಲ್ಲಿನ ಮುಕ್ಕಾಲು ಭಾಗಕ್ಕೆ ಹದಿಮೂರು ಗಂಟೆ ಬೇಕಾಯಿತು. ಮೊದಲ ಗಂಟೆಯಲ್ಲಿ ಹೊಡೆದ ಚುಕ್ಕಿಗಳು ಅಡ್ಡಾದಿಡ್ಡಿ. ಮೂರು ಕಡೆ ಬೆರಳುಗುರಿನಷ್ಟು ಚಕ್ಕೆ ಎದ್ದಿದೆ, ಉಳಿ ವಾಲಿಸಿದ್ದಕ್ಕೆ.

ಕೆಲಸ ಮಾಡುವಾಗ ಒಂದು ಕಂಡಿತು. ಕೆಳಗಲ್ಲಿನ ಒಂದು ಮಗ್ಗುಲು ಇನ್ನೊಂದಕ್ಕಿಂತ 4 ಮಿಲಿಮೀಟರ್ ಹೆಚ್ಚು ಸವೆದಿದೆ. ಸಮ ಮಾಡೋಣ ಅಂತ ಮೊದಲು ಅನಿಸಿತು. ಗ್ರೈಂಡರಿನ ಪಾಠ ನೆನಪಾಗಿ ಬಿಟ್ಟೆ. ಅದೇ ಅಜ್ಜಿ ಕೂರುತ್ತಿದ್ದ ಮಗ್ಗುಲು ಅಂತ ಆಮೇಲೆ ದೊಡ್ಡವ್ವ ಹೇಳಿದರು.

ಹೇಗೆ ಕೂರುತ್ತಿದ್ದರು ಅನ್ನುವುದು ನನಗೂ ನೆನಪಿದೆ. ಒಂದು ಕಾಲು ಚಾಚಿ, ಒಂದು ಕಾಲು ಮಡಿಸಿ. ಬೆಳಗಿನ ಜಾವ ನಾಲ್ಕು ಗಂಟೆ, ಗೂಡಿನಲ್ಲಿ ಬುಡ್ಡಿ ದೀಪ. ಚಳಿಗೆ ನಾನು ಕಂಬಳಿ ಸಮೇತ ಹೊರಳಿಕೊಂಡು ಹೋಗಿ ಆ ಚಾಚಿದ ತೊಡೆ ಮೇಲೆ ತಲೆ ಇಡುತ್ತಿದ್ದೆ. ಕಲ್ಲು ಅರ್ಧ ಸುತ್ತು ಬಂದಾಗ ಅಜ್ಜಿಯ ಮೈ ಮುಂದೆ ಬಾಗುತ್ತಿತ್ತು, ಇನ್ನೊಂದು ಅರ್ಧಕ್ಕೆ ಹಿಂದೆ. ತೊಟ್ಟಿಲಿನ ಹಾಗೆ. ಎದುರಿಗೆ ದೊಡ್ಡವ್ವ. ಇಬ್ಬರದೂ ಒಂದೇ ಗೂಟದ ಮೇಲೆ ಕೈ. ಪದ ಹೇಳುವುದು ಅಜ್ಜಿ, ಕೊನೆ ಸಾಲಿಗೆ ದನಿ ಸೇರಿಸುವುದು ದೊಡ್ಡವ್ವ. ಬೀಸೋ ಪದ ಹಗಲಲ್ಲಿ ಹೇಳಿಕೊಡು ಅಂದರೆ ಅಜ್ಜಿಗೆ ಬರುತ್ತಲೇ ಇರಲಿಲ್ಲ. ಕಲ್ಲು ತಿರುಗಬೇಕು, ಆಗ ತಾನೇ ಬರುತ್ತಿತ್ತು.

ಆಮೇಲೆ ಪಕ್ಕದೂರಿಗೆ ಡೀಸೆಲ್ ಎಂಜಿನ್ನಿನ ಹಿಟ್ಟಿನ ಮಿಲ್ಲು ಬಂತು. ಅದರ ಹೊಗೆ ಕೊಳವೆ ಕೂ, ಕೂ ಅಂತ ಎರಡು ಮೈಲಿ ದೂರಕ್ಕೆ ಕೇಳುತ್ತಿತ್ತು. ಹೆಂಗಸರ ಬೆನ್ನಿಗೆ ಅದರಿಂದ ಸಿಕ್ಕ ಆರಾಮ ಸಣ್ಣದಲ್ಲ. ಅದನ್ನು ಮರೆತು ಹಳೆ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ದಿನಾ ಹನ್ನೆರಡು ಜನರ ಹಿಟ್ಟು ಬೀಸುವುದು ಅಂದರೇನು ಅಂತ ಈ ಹದಿಮೂರು ಗಂಟೆಯಲ್ಲಿ ನನ್ನ ಭುಜಕ್ಕೂ ಗೊತ್ತಾಗಿದೆ.

ಮಾರ್ಚ್ 2. ಹಿಡಿಗೂಟ ಸರಿ, ನಡುಗೂಟ ಇಲ್ಲ

ಮೊದಲು ಹಾಕಿದ್ದ ಬೇವಿನ ಹಿಡಿಗೂಟ ಎರಡನೇ ದಿನವೇ ಬುಡದಲ್ಲಿ ಮುರಿದಿತ್ತು. 120 ರೂಪಾಯಿ ದಂಡ. ಮೈಸೂರು ರಸ್ತೆಯ ಮರದ ಅಡ್ಡೆಯಲ್ಲಿ ಜಾಲಿ ತುಂಡು ಸಿಕ್ಕಿತು. ಗಾಡಿ ಚಕ್ರಕ್ಕೆ ಬಳಸುತ್ತಿದ್ದ ಮರ ಅದು, ಗಟ್ಟಿ. ಮರದ ಲೇತಿನವರ ಹತ್ತಿರ ಹಿಡಿಗೂಟ ಮತ್ತು ನಡುಗೂಟ ಎರಡನ್ನೂ ಕಡೆಸಿದೆ, ಮರ ಸೇರಿ 250. ಹಿಡಿಗೂಟದ ಬುಡ 4 ಸೆಂಟಿಮೀಟರ್ ದಪ್ಪ, ತುದಿಗೆ ಹೋಗ್ತಾ 3. ಕಲ್ಲಿನೊಳಗೆ 5 ಸೆಂಟಿಮೀಟರ್, ಮೇಲೆ 20. ಒಣಗಿದ್ದಾಗಲೇ ಬಡಿದು ಕೂರಿಸಿ, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ರಾತ್ರಿ ಬಿಟ್ಟೆ. ಮರ ಊದಿಕೊಂಡು ಕಚ್ಚಿಕೊಂಡಿತು. ಇದೊಂದು ಮೊದಲ ಪ್ರಯತ್ನಕ್ಕೇ ಸರಿಯಾಯಿತು.

ನಡುಗೂಟ ಮಾತ್ರ ಕಾಡಿತು. ಕೆಳಗಲ್ಲಿನ ತೂತಿಗೆ ಹೊಂದುವುದು 22 ಮಿಲಿಮೀಟರ್ ಗೂಟ. ಮೇಲ್ಗಲ್ಲಿನ ಬಾಯಿ 50. ಅಂದರೆ ಗೂಟದ ಸುತ್ತ ಎಲ್ಲ ಕಡೆ 14 ಮಿಲಿಮೀಟರ್ ಖಾಲಿ. ತಿರುಗಿಸಿದರೆ ಮೇಲ್ಗಲ್ಲು ಕುಡಿದವನ ಹಾಗೆ ಆ ಕಡೆ ಈ ಕಡೆ ಜಾರುತ್ತದೆ. ಒಂದು ಕಡೆ ಹಿಟ್ಟು, ಇನ್ನೊಂದು ಕಡೆ ಇಡೀ ಕಾಳು. ಗೂಟಕ್ಕೆ ಕಲ್ಲು ಉಜ್ಜಿ ಹಿಟ್ಟಿನಲ್ಲಿ ಮರದ ಪುಡಿ ಬೇರೆ.

ದಪ್ಪ ಗೂಟ ಕಡೆಸಿ ಹಾಕಿದೆ, ಬುಡ ಮಾತ್ರ 22, ಮೇಲೆ 46 ಮಿಲಿಮೀಟರ್. ಕಲ್ಲು ಜಾರುವುದು ನಿಂತಿತು, ಆದರೆ ರಾಗಿ ಒಳಗೆ ಇಳಿಯಲಿಲ್ಲ, ಬಾಯಲ್ಲೇ ಸಿಕ್ಕಿಕೊಂಡಿತು. ಪಿವಿಸಿ ಪೈಪಿನ ತುಂಡು ತೊಡಿಸಿದೆ. ಹತ್ತು ನಿಮಿಷಕ್ಕೆ ಹಿಟ್ಟಿನಲ್ಲಿ ಬಿಳಿ ಪ್ಲಾಸ್ಟಿಕ್ ಸುರುಳಿ ಕಾಣಿಸಿತು, ಅಷ್ಟನ್ನೂ ಎಸೆದೆ. ಕಬ್ಬಿಣದ ಬೋಲ್ಟು ಮತ್ತು ವಾಷರ್ ಹಾಕಿದೆ. ಹಿಟ್ಟಿಗೆ ಕಪ್ಪು ಗೆರೆ ಬಂತು, ಕೀಚ್ ಅನ್ನುವ ಸದ್ದಿಗೆ ಮನೆಯವರೆಲ್ಲ ಎದ್ದು ಬಂದರು. ಪೈಪು, ಬೋಲ್ಟು ಸೇರಿ 90 ರೂಪಾಯಿ ವ್ಯರ್ಥ.

ಮಾರ್ಚ್ 9. ಫೋನು

ಬೇರೆ ದಾರಿ ಕಾಣದೆ ದೊಡ್ಡವ್ವನಿಗೆ ಫೋನ್ ಮಾಡಿದೆ. 84 ವರ್ಷ. ಕಿವಿ ಸ್ವಲ್ಪ ಮಂದ. ಕಲ್ಲು ಜಾರುತ್ತದೆ ಅಂತ ಕೂಗಿ ಹೇಳಿದೆ.

"ಗೂಟಕ್ಕೆ ಬಟ್ಟೆ ಇತ್ತಲ್ಲೋ ಮಗಾ, ಅದು ಅಂಗೇ ಐತಾ?"

"ಯಾವ ಬಟ್ಟೆ ದೊಡ್ಡವ್ವ?"

"ನಡು ಗೂಟಕ್ಕೆ ಸುತ್ತಿರೋದು. ಅದಿದ್ರೆ ತಾನೆ ಕಲ್ಲು ಒಂದೇ ಕಡೆ ನಿಲ್ಲೋದು. ನಿಮ್ಮಜ್ಜಿ ಸೀರೆ ಅದು. ಸಡ್ಲ ಆದಂಗೆಲ್ಲ ಹಳೆ ಸೀರೆ ಹರ್ದು ಒಂದು ಪಟ್ಟಿ ಮೇಲ್ಮೇಲೆ ಸುತ್ತೋರು. ಒಳಗಿಂದು ಬಿಚ್ತಿರಲಿಲ್ಲ."

ನಾನು ಮಾತಾಡಲಿಲ್ಲ. ಅವರಿಗೆ ಗೊತ್ತಾಯಿತು ಅನಿಸುತ್ತದೆ.

"ಬಿಸಾಕ್ಬುಟ್ಟಾ?"

"ಹೂಂ ದೊಡ್ಡವ್ವ. ಕೊಳೆ ಅಂದ್ಕೊಂಡೆ."

ಅಜ್ಜಿ ತೀರಿಕೊಂಡು ಇಪ್ಪತ್ತೇಳು ವರ್ಷ. ಅವರದೊಂದು ಫೋಟೊ ಇದೆ, ಮತದಾರರ ಗುರುತಿನ ಚೀಟಿಯದು, ಮುಖ ಸರಿಯಾಗಿ ಕಾಣುವುದಿಲ್ಲ. ಅವರ ಸೀರೆ ಒಂದೂ ಉಳಿದಿಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಉಳಿದಿತ್ತು. ಒಂದರ ಮೇಲೊಂದು ಸುತ್ತಿಕೊಂಡು, ಹರಳೆಣ್ಣೆ ಕುಡಿದು, ಅವರು ಉಟ್ಟ ಎಷ್ಟೋ ವರ್ಷಗಳ ಸೀರೆಯ ತುಂಡುಗಳು ಆ ಗೂಟದ ಮೇಲೆ ಇದ್ದವು. ನಾನು ಸ್ಕ್ರೂಡ್ರೈವರ್ ಹಾಕಿ ಕಿತ್ತೆ. ಅವತ್ತಿನ ಟಿಪ್ಪಣಿ ತೆಗೆದು ನೋಡಿದರೆ ಹಾಗೇ ಬರೆದಿದೆ: ಕೊಳೆ ಬಟ್ಟೆ ತೆಗೆದೆ.

ಹಳೆ ಸಾಮಾನು ರಿಪೇರಿ ಮಾಡುವವರು ಇದೊಂದನ್ನು ದಯವಿಟ್ಟು ನೆನಪಿಡಿ. ಯಾಕಿದೆ ಅಂತ ಗೊತ್ತಾಗದ ಯಾವುದನ್ನೂ ಎಸೆಯಬೇಡಿ. ಒಂದು ಡಬ್ಬಿಯಲ್ಲಿ ಹಾಕಿಡಿ. ಅದನ್ನು ಬಳಸಿದವರು ಇನ್ನೂ ಇದ್ದರೆ ಕೆಲಸ ಶುರು ಮಾಡುವ ಮುಂಚೆ ಫೋನ್ ಮಾಡಿ. ನಾನು ಕಲ್ಲಿನವರನ್ನು ಹುಡುಕಿಕೊಂಡು ತಾವರೆಕೆರೆ ಆಚೆಗೂ ಹೋದೆ. ಬೀಸಿದವರನ್ನು ಒಂದು ಮಾತು ಕೇಳಲಿಲ್ಲ.

ಮಾರ್ಚ್ 16. ಕಲ್ಲಿನ ಪುಡಿ ತೆಗೆಯುವುದು

ದೊಡ್ಡವ್ವ ಮುಂದಿನ ವಾರ ತಾವೇ ಬರುತ್ತೀನಿ ಅಂದರು. ಅಷ್ಟರಲ್ಲಿ ಇದು ಮುಗಿಸಿದೆ. ಹೊಸ ಮುಳ್ಳು ಹಾಕಿದ ಕಲ್ಲಲ್ಲಿ ಬೀಸಿದ್ದನ್ನು ತಿನ್ನುವ ಹಾಗಿಲ್ಲ, ಕಲ್ಲಿನ ಪುಡಿ ಇರುತ್ತದೆ. ಗೂಟಕ್ಕೆ ಸದ್ಯಕ್ಕೆ ಹಳೆ ಪಂಚೆ ತುಂಡು ಸುತ್ತಿ 2 ಕಿಲೋ ಅಕ್ಕಿ ನುಚ್ಚು ಬೀಸಿ ಎಸೆದೆ, 80 ರೂಪಾಯಿ. ನಾಲ್ಕು ಸಲ. ಪ್ರತಿ ಸಲವೂ ಅರ್ಧ ಕಿಲೋ ಬೀಸಿ, ಕಲ್ಲು ತೊಳೆದು ಒಣಗಿಸಿದೆ. ಪರೀಕ್ಷೆ ಸುಲಭ. ಒಂದು ಚಮಚ ಹಿಟ್ಟನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ, ಮೇಲಿನ ನೀರು ಮೆಲ್ಲಗೆ ಬಸಿದು ತಳ ನೋಡಬೇಕು, ಬೆರಳಲ್ಲಿ ಉಜ್ಜಬೇಕು. ಮೊದಲ ಎರಡು ಸಲ ಮರಳು ಸಿಕ್ಕಿತು. ಮೂರನೆಯದರಲ್ಲಿ ಒಂದೆರಡು ಕಣ. ನಾಲ್ಕನೆಯದರಲ್ಲಿ ಇರಲಿಲ್ಲ.

ಮಾರ್ಚ್ 23. ದೊಡ್ಡವ್ವ ಬಂದರು

ಚೀಲದಲ್ಲಿ ತಮ್ಮ ಒಂದು ಹಳೆ ಹತ್ತಿ ಸೀರೆ ತಂದಿದ್ದರು. ಹಸಿರು, ಕೆಂಪಂಚು. ನೈಲೆಕ್ಸ್ ಆಗಲ್ಲ, ಕಾದು ಜಾರುತ್ತೆ, ಹತ್ತಿಯೇ ಬೇಕು ಅಂದರು. ಹಲ್ಲಲ್ಲಿ ಕಚ್ಚಿ ಸರ್ರಂತ ಹರಿದರು. ನಾನು ಅಳೆದುಕೊಂಡೆ: ಪಟ್ಟಿಯ ಅಗಲ 6 ಸೆಂಟಿಮೀಟರ್, ಉದ್ದ ಸುಮಾರು 2 ಮೀಟರ್. ಬಿಗಿಯಾಗಿ ಸುತ್ತುತ್ತಾ ಹೋಗಿ, ಹತ್ತಿ ದಾರದಲ್ಲಿ ಕಟ್ಟಿ, ನಾಲ್ಕು ಹನಿ ಹರಳೆಣ್ಣೆ ಸವರಿದರು. ಸುತ್ತಿದ ಮೇಲೆ ಗೂಟ 35 ಮಿಲಿಮೀಟರ್. ಬಾಯಿಯ ಸುತ್ತ ಉಳಿದ ಸಂದು ಏಳೂವರೆ ಮಿಲಿಮೀಟರ್. ರಾಗಿ ಇಳಿಯಲು ಸಾಕು, ಕಲ್ಲು ಜಾರಲು ಸಾಲದು. ಅವರು ಸ್ಕೇಲು ನೋಡಲೇ ಇಲ್ಲ. ಬಾಯಿಯೊಳಗೆ ಕಿರುಬೆರಳು ಹಾಕಿ ಸುತ್ತಲೂ ಆಡಿಸಿದರು. ಕಿರುಬೆರಳಿನ ತುದಿ ಒರಸಿಕೊಂಡು ಹೋಗಬೇಕಂತೆ, ಅದೇ ಅಳತೆ.

ಕಲ್ಲಿನ ಕೆಳಗೆ ಗೋಣಿಚೀಲ ಎರಡು ಮಡಿಕೆ ಹಾಕಿಸಿದರು. ಕೆಳಗಿನ ಮನೆಗೆ ಸದ್ದು ಹೋಗುವುದು ಅದರಿಂದಲೇ ಅರ್ಧಕ್ಕರ್ಧ ಕಮ್ಮಿಯಾಯಿತು. ಆಮೇಲೆ ಕಾಲು ಚಾಚಿ ಕೂತರು. ನಾನು ಎದುರಿಗೆ ಕೂತೆ.

ನಾನು ಹಿಡಿ ತುಂಬ ರಾಗಿ ಹಾಕಿದೆ. ತಕ್ಷಣ ಕೈ ತಡೆದರು. "ಅಷ್ಟೊಂದ್ ಹಾಕುದ್ರೆ ಕಲ್ಲು ತೇಲ್ತದೆ. ಸ್ವಲ್ಪ ಹಾಕು, ಸದ್ದು ಕೇಳು." ಅವರ ಒಂದು ಹಿಡಿಯನ್ನು ತಟ್ಟೆಗೆ ಹಾಕಿಸಿಕೊಂಡು ತೂಗಿದೆ: 38 ಗ್ರಾಂ. ನನ್ನದು 60. ಅವರು ಹಿಡಿಯನ್ನು ಒಮ್ಮೆಲೇ ಸುರಿಯುವುದಿಲ್ಲ, ಬೆರಳ ಸಂದಿನಿಂದ ನಾಲ್ಕೈದು ಸುತ್ತಿಗೆ ಬಿಡುತ್ತಾರೆ. ಕಲ್ಲಿನ ಸದ್ದು ಗೊರಗೊರ ಅಂತ ಒಣಗಿದರೆ ಮುಂದಿನ ಹಿಡಿ. ಮಂಕಾಗಿ ಗುಮ್ಮೆಂದರೆ ಜಾಸ್ತಿಯಾಗಿದೆ ಅಂತ ಅರ್ಥ, ಸುಮ್ನೆ ತಿರುಗಿಸುತ್ತಿರಬೇಕು.

ಹಿಟ್ಟು ಬಂತು. ಅಂಚಿನ ಸುತ್ತ ಸಣ್ಣಗೆ, ಬೂದು ಬಣ್ಣದ ಮಳೆ ಹಾಗೆ. ಅರ್ಧ ಕಿಲೋ ರಾಗಿಗೆ ಇಬ್ಬರೂ ಸೇರಿ 14 ನಿಮಿಷ. ಜರಡಿಯಲ್ಲಿ ಉಳಿದಿದ್ದು 60 ಗ್ರಾಂ, ಅದನ್ನು ಮತ್ತೆ ಬಾಯಿಗೆ ಹಾಕಿದೆವು. ಆಮೇಲೆ ನಾನೊಬ್ಬನೇ ಬೀಸಿದಾಗ ಅಷ್ಟಕ್ಕೇ 25 ನಿಮಿಷ ಬೇಕಾಯಿತು. ಹಿಟ್ಟು ಮುಟ್ಟಿದರೆ ಬೆಚ್ಚಗಿತ್ತು ಅಷ್ಟೇ, ಮಿಲ್ಲಿನ ಹಿಟ್ಟಿನ ಹಾಗೆ ಸುಡುತ್ತಿರಲಿಲ್ಲ.

ರಾಗಿ ಯಾವುದು ಅಂತ ಕೇಳಿದರು. ಜಿಪಿಯು-28, ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಿಂದ ಬಂದ ತಳಿ ಅಂದೆ. ಅವರ ಕಾಲಕ್ಕೆ ಹೊಸದಾಗಿ ಬಂದಿದ್ದು ಇಂಡಾಫ್. ಆಫ್ರಿಕಾದ ರಾಗಿಯನ್ನು ನಮ್ಮ ರಾಗಿ ಜೊತೆ ಕೂಡಿಸಿ ಕೃಷಿ ವಿಜ್ಞಾನಿ ಲಕ್ಷ್ಮಣಯ್ಯನವರು ಮಾಡಿದ ತಳಿಗಳು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಆ ಹೆಸರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. "ಇಂಡಾಪು ಬಂದ ವರ್ಸ ಹಗೇವು ತುಂಬಿ ಮಿಕ್ತು ಕಣಪ್ಪ" ಅಂದರು ದೊಡ್ಡವ್ವ. ಹಗೇವು ಅಂದರೆ ನೆಲದೊಳಗಿನ ಕಣಜ. ರಾಗಿ ಅದರಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ ಅಂತ. ಇದನ್ನೆಲ್ಲ ಅವರು ಹೇಳಿದ್ದು ಕಲ್ಲು ತಿರುಗಿಸುತ್ತಲೇ. ಮಧ್ಯೆ ಒಂದು ಪದ ಶುರು ಮಾಡಿದರು, ಎರಡು ಸಾಲಿಗೆ ನಿಂತರು. ಮುಂದಿನದು ಹೇಳಬೇಕಾದವರು ಎದುರಿಗಿರಲಿಲ್ಲ.

ಮಾರ್ಚ್ 30, ಯುಗಾದಿ

ಹೋಳಿಗೆ ಜೊತೆಗೆ ಮುದ್ದೆಯೂ ಆಯಿತು. ಹಬ್ಬದ ದಿನ ಮುದ್ದೆಯಾ ಅಂತ ಮಗಳು ಕೇಳಿದಳು. ಎರಡು ತಿಂದಳು.

ಖರ್ಚಿನ ಲೆಕ್ಕ. ಹೊತ್ತವರಿಗೆ 400, ಗ್ರೈಂಡರ್ ಬಾಡಿಗೆ 300, ಬ್ಲೇಡು 350, ಮಾಸ್ಕ್ ಕನ್ನಡಕ 280, ಮುಳ್ಳು ಹಾಕಿದ್ದಕ್ಕೆ 1,200, ಉಳಿ 420, ಜಾಲಿ ಗೂಟ 250, ಮುರಿದ ಬೇವಿನ ಗೂಟ 120, ಪೈಪು ಬೋಲ್ಟು 90, ನುಚ್ಚು 80, ಪರೀಕ್ಷೆಗೆ 3 ಕಿಲೋ ರಾಗಿ 150. ಒಟ್ಟು 3,640. ಇದರಲ್ಲಿ 860 ರೂಪಾಯಿ ನನ್ನ ತಪ್ಪಿಗೆ ಹೋಗಿದ್ದು. ದಪ್ಪ ಗೂಟ ಕಡೆದುಕೊಟ್ಟ ಲೇತಿನವರು ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಇನ್ನೂ ಸರಿಯಾಗದ್ದು ಎರಡು. ಅಂಚಿನ ಎಂಟು ಬಾಯಿ. ಕೆಳಗಲ್ಲಿನಲ್ಲಿ ನಾನು ಎಬ್ಬಿಸಿದ ಮೂರು ಚಕ್ಕೆ, ಅಲ್ಲಿ ಹಿಟ್ಟು ಕೂತುಕೊಳ್ಳುತ್ತದೆ, ಪ್ರತಿ ಸಲ ಹಲ್ಲುಜ್ಜುವ ಬ್ರಷ್‌ನಲ್ಲಿ ತೆಗೆಯಬೇಕು. ಬಿಟ್ಟರೆ ಹುಳ ಬೀಳುತ್ತದೆ.

ಜೂನ್ 1

ವಾರಕ್ಕೆ ಒಂದು ಸಲ, ಭಾನುವಾರ ಬೆಳಗ್ಗೆ ಏಳರ ಮೇಲೆ ಬೀಸುತ್ತೇವೆ. ಒಂದು ಕಿಲೋ. ಹುರಿಹಿಟ್ಟಿಗೆ ಅರಳು ರಾಗಿ ಹಾಕಿದರೆ ಕಲ್ಲು ಹಗುರವಾಗಿ ಓಡುತ್ತದೆ, ಅದನ್ನು ಮಗಳೇ ಬೀಸುತ್ತಾಳೆ.

ಇವತ್ತು ಕಲ್ಲು ಸ್ವಲ್ಪ ಜಾರತೊಡಗಿತ್ತು. ಕಿರುಬೆರಳು ಹಾಕಿ ನೋಡಿದೆ, ಒಂದು ಕಡೆ ತಾಗಲಿಲ್ಲ. ಬಟ್ಟೆ ಸವೆದಿದೆ. ಅವ್ವನ ಹಳೆ ಸೀರೆ ಒಂದು ಕೇಳಿ ತೆಗೆದುಕೊಂಡು 6 ಸೆಂಟಿಮೀಟರ್ ಅಗಲಕ್ಕೆ ಹರಿದೆ. ದೊಡ್ಡವ್ವನ ಹಸಿರು ಪಟ್ಟಿಯನ್ನು ಬಿಚ್ಚಲಿಲ್ಲ. ಅದರ ಮೇಲೆಯೇ ಸುತ್ತಿ, ದಾರ ಕಟ್ಟಿ, ಎಣ್ಣೆ ಸವರಿದೆ.